ಸಣ್ಣ ಒಡೆಯನೂ ವಾರದ ಒಕ್ಕಲೂ: ರಾವಂದೂರು ಸೀಮೆಯ ಭೂಚರಿತ್ರೆಯ ಒಂದು ಪ್ರಕರಣ

ಭೂಮಿಯ ಒಡೆಯನೆಂದೊಡನೆ ನೂರಾರು ಎಕರೆಗಳ ಯಜಮಾನನಾಗಿ, ಕಣದ ಅಂಚಿನಲ್ಲಿ ಕುಳಿತು ಒಕ್ಕಲಿನ ದುಡಿಮೆಯನ್ನು ಅಳೆಯಿಸಿಕೊಳ್ಳುವ ಜಮೀನ್ದಾರನ ಚಿತ್ರವೇ ಸಾಮಾನ್ಯವಾಗಿ ಮನಸ್ಸಿಗೆ ಬರುವುದು. ಬಂಗಾಳದಂತಹ ಜಮೀನ್ದಾರಿ ಪ್ರಾಂತಗಳ ಚರಿತ್ರೆಗೆ ಈ ಚಿತ್ರವು ಒಪ್ಪೀತು. ಮೈಸೂರು ಸೀಮೆಯ ಬೆದ್ದಲು ನಾಡಿಗೆ ಅಷ್ಟಾಗಿ ಒಪ್ಪುವುದಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಒಂದಾದ ರಾವಂದೂರಿನಂತಹ ಕಡೆಗಳಲ್ಲಿ ಹೊಲವನ್ನು ವಾರಕ್ಕೆ ಕೊಟ್ಟವನಿಗೂ ವಾರಕ್ಕೆ ಹಿಡಿದವನಿಗೂ ಇದ್ದ ಅಂತರವು ಬಹುಸಲ ಒಂದು ಜೊತೆ ಎತ್ತಿನಷ್ಟೇ. ಈ ಇಬ್ಬರ ನಡುವಣ ವ್ಯವಹಾರವು ತಲೆಮಾರುಗಳ ಪರ್ಯಂತ ಬಾಯಿಮಾತಿನಲ್ಲಿಯೇ ನಡೆದು, ಕಾಗದವು ಕೇಳಲ್ಪಟ್ಟ ದಿನ ಇಬ್ಬರನ್ನೂ ಹೇಗೆ ಕೈಬಿಟ್ಟಿತೆಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಮೊದಲಿಗೆ ಈ ಸೀಮೆಯಲ್ಲಿ ಕೊರತೆಯಾಗಿದ್ದುದು ನೆಲವಲ್ಲ, ಜನ. ಪಿರಿಯಾಪಟ್ಟಣವು ಕೊಡಗಿನ ಗಡಿಯ ಕೋಟೆಯಾಗಿದ್ದುದರಿಂದ ಯುದ್ಧಗಳ ಪೆಟ್ಟೆಲ್ಲ ಅದರ ಮೇಲೆಯೇ ಬಿದ್ದಿತು. 1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೇನೆಯು ಕೊಡಗಿನ ಮಾರ್ಗವಾಗಿ ಬರಲು, ಟಿಪ್ಪುವಿನ ಕಡೆಯವರೇ ಕೋಟೆಯನ್ನು ಕೆಡವಿದರು. 1800ರಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಪಾಳುಬಿದ್ದ ಆ ಕೋಟೆಯಲ್ಲಿ ಹುಲಿಗಳು ಸೇರಿಕೊಂಡಿದ್ದುದನ್ನು ಬರೆದಿಟ್ಟಿದ್ದಾನೆ. ಇಂತಹ ನಾಡಿನಲ್ಲಿ ಒಕ್ಕಲು ಸಿಟ್ಟಾಗಿ ಗುಳೆ ಎದ್ದರೆ ಹೊಲವು ಬೀಳುಬೀಳುತ್ತಿತ್ತು, ಕಂದಾಯವೂ ನಿಲ್ಲುತ್ತಿತ್ತು. ಆದಕಾರಣ ಸರ್ಕಾರವೇ ಬೀಳುಭೂಮಿಯನ್ನು ಶ್ರಾಯದ ಮೇಲೆ, ಅಂದರೆ ಮೊದಲ ವರ್ಷಗಳಲ್ಲಿ ಅಲ್ಪ ಕಂದಾಯವನ್ನು ಕಟ್ಟಿ ಕ್ರಮೇಣ ಏರಿಸುವ ಕರಾರಿನ ಮೇಲೆ, ಕೊಟ್ಟು ಜನರನ್ನು ನಿಲ್ಲಿಸಿಕೊಳ್ಳಬೇಕಾಯಿತು. ದುಡಿಯುವ ಕೈಗಳು ವಿರಳವಾಗಿದ್ದಷ್ಟು ಕಾಲ ಒಕ್ಕಲಿಗೆ ಕಾನೂನಿನ ರಕ್ಷಣೆ ಬೇಕಾಗಿರಲಿಲ್ಲ. ಎದ್ದು ಹೋಗಬಲ್ಲ ಅವನ ಶಕ್ತಿಯೇ ಅವನಿಗೆ ರಕ್ಷಣೆಯಾಗಿತ್ತು.

ಕಮಿಷನರುಗಳ ಆಳ್ವಿಕೆಯಲ್ಲಿ ಸ್ಥಿತಿಯು ಬದಲಾಯಿತು. 1863ರಲ್ಲಿ ಆರಂಭವಾದ ಮೋಜಣಿಯು ಕ್ರಮೇಣ ಪ್ರತಿಯೊಂದು ತುಂಡು ಭೂಮಿಗೂ ಒಂದು ಸರ್ವೆ ನಂಬರನ್ನೂ, ಗೊತ್ತಾದ ಕಂದಾಯವನ್ನೂ, ಅದಕ್ಕೆ ಹೊಣೆಯಾದ ಒಬ್ಬ ಖಾತೆದಾರನನ್ನೂ ನಿಶ್ಚಯಿಸಿತು. 1888ರ ಭೂಕಂದಾಯದ ಶಾಸನವು ಈ ಏರ್ಪಾಡನ್ನು ಸ್ಥಿರಪಡಿಸಿತು. ಕಂದಾಯವನ್ನು ಕಟ್ಟುವವನು ಯಾರೆಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಆ ನೆಲವನ್ನು ವಾಸ್ತವವಾಗಿ ಉಳುವವನು ಯಾರೆಂಬ ಪ್ರಶ್ನೆಯು ಊರಿನ ಮಾತಾಗಿಯೇ ಉಳಿಯಿತು.

ನಡುವೆ 1876ರಿಂದ 1878ರ ವರೆಗಿನ ಧಾತು–ಈಶ್ವರ ಸಂವತ್ಸರಗಳ ಕ್ಷಾಮವು ಬಂದಿತು. ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಆಗ ನಾಶವಾಯಿತು. ದನಕರುಗಳ ನಷ್ಟಕ್ಕೆ ಮಿತಿಯೇ ಇರಲಿಲ್ಲ. ಎತ್ತು ಸತ್ತವನ ಹೊಲವು ಎತ್ತು ಉಳಿದವನ ಕೈಗೆ ಹೋಗುವುದು ಸಹಜವಷ್ಟೆ. ಹೀಗಾಗಿ ಬೆದ್ದಲು ಸೀಮೆಯಲ್ಲಿ ಹೊಲ ಕೊಡುವವನು ಸಿರಿವಂತನೂ ಹೊಲ ಹಿಡಿಯುವವನು ಬಡವನೂ ಆಗಿರಬೇಕೆಂಬ ನಿಯಮವಿರಲಿಲ್ಲ. ಗಂಡುದಿಕ್ಕಿಲ್ಲದ ವಿಧವೆ, ತಂದೆಯಿಲ್ಲದ ಹುಡುಗ, ಮೈಸೂರಿನಲ್ಲಿ ಗುಮಾಸ್ತೆಯಾದವನು, ಪರ ಊರಿನ ಶಾಲೆಯ ಉಪಾಧ್ಯಾಯ, ಮಾನ್ಯದ ನೆಲವನ್ನು ತಾನೇ ಉಳಲಾರದ ಅರ್ಚಕ, ಇವರೇ ಸಣ್ಣ ಒಡೆಯರು. ಇವರ ಹೊಲವನ್ನು ಹಿಡಿಯುವವನು ಒಮ್ಮೆ ನೆಲವೇ ಇಲ್ಲದ ಬಡವ. ಒಮ್ಮೆ ಎರಡು ಜೊತೆ ಎತ್ತುಳ್ಳ ಗಟ್ಟಿ ಕುಳ. ಮೊದಲನೆಯವನು ಒಡೆಯನಿಗೆ ಅಂಜುತ್ತಿದ್ದನು. ಎರಡನೆಯವನಿಗೆ ಒಡೆಯನೇ ಅಂಜಬೇಕಾಗಿತ್ತು.

ಇವರ ನಡುವೆ ಎರಡು ಬಗೆಯ ಕರಾರುಗಳು ಬಳಕೆಯಲ್ಲಿದ್ದವು. ಬೆಳೆ ಬಂದರೂ ಬಾರದಿದ್ದರೂ ಇಷ್ಟು ಕೊಳಗ ಧಾನ್ಯ ಅಥವಾ ಇಷ್ಟು ಹಣವೆಂದು ಗೊತ್ತುಮಾಡುವುದು ಗುತ್ತಿಗೆ. ಬಂದ ಬೆಳೆಯನ್ನು ಕಣದಲ್ಲಿ ಹಂಚಿಕೊಳ್ಳುವುದು ವಾರ. ಮಳೆಯನ್ನೇ ನಂಬಿದ ರಾಗಿಯ ಹೊಲಕ್ಕೆ ವಾರವೇ ಹೆಚ್ಚು ಹಿತವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಬರದ ನಷ್ಟವನ್ನು ಅದು ಇಬ್ಬರಿಗೂ ಹಂಚುತ್ತಿತ್ತು. ರಾಶಿಯಿಂದ ಮೊದಲು ದೇವರ ಪಾಲು, ತೋಟಿ, ತಳವಾರ, ಕಮ್ಮಾರ, ಬಡಗಿ ಮೊದಲಾದ ಆಯಗಾರರ ಪಾಲು ತೆಗೆದಿಟ್ಟ ತರುವಾಯ ಉಳಿದುದನ್ನು ಅಳೆಯುವರು. ಅರ್ಧವಾರವೆಂಬುದು ಮಾತಿನಲ್ಲಿ ಸರಳ; ಆದರೆ ಬೀಜ ಯಾರದು, ಗೊಬ್ಬರ ಯಾರದು, ಹುಲ್ಲು ಯಾರಿಗೆ, ಅಕ್ಕಡಿ ಸಾಲಿನ ಅವರೆಕಾಯಿಯನ್ನು ಮನೆಗೆ ಕಿತ್ತುಕೊಂಡರೆ ಲೆಕ್ಕವುಂಟೇ ಇಲ್ಲವೇ ಎಂಬಲ್ಲಿ ಅದರ ಗಂಟುಗಳೆಲ್ಲ ಇದ್ದವು. ಇವುಗಳನ್ನು ಬಿಡಿಸುವುದು ಬರಹವಲ್ಲ, ಊರಿನ ವಾಡಿಕೆ. ಕಣಕ್ಕೆ ಬರಲಾರದ ಒಡೆಯನು ಒಕ್ಕಲಿನ ಅಳತೆಯನ್ನು ನಂಬಬೇಕು. ಮುಂದಿನ ವರ್ಷದ ಉಳುಮೆಗೆ ಒಕ್ಕಲು ಒಡೆಯನ ಮಾತನ್ನು ನಂಬಬೇಕು. ನಂಬಿಕೆ ಇದ್ದಲ್ಲಿ ತಾತನ ಕಾಲದ ವಾರವು ಮೊಮ್ಮಗನ ಕಾಲಕ್ಕೂ ನಡೆಯಿತು. ಅದು ಕೆಟ್ಟಲ್ಲಿ ಪಟೇಲ–ಶಾನುಭೋಗರ ಮುಂದೆ ಪಂಚಾಯಿತಿಯಾಯಿತು. ಬಹುಸಲ ಯುಗಾದಿಗೆ ಒಕ್ಕಲು ಬದಲಾಯಿತು.

ಜನಸಂಖ್ಯೆಯು ಏರಿ ನೆಲವೇ ವಿರಳವಾದಾಗ ಈ ವಾಡಿಕೆಯ ತೂಕವು ಒಡೆಯನ ಕಡೆಗೆ ವಾಲಿತು. ಎದ್ದು ಹೋಗುವೆನೆಂದು ಹೆದರಿಸುತ್ತಿದ್ದ ಒಕ್ಕಲೇ ಈಗ ಎಬ್ಬಿಸುವರೆಂದು ಹೆದರತೊಡಗಿದನು. ಗೇಣಿದಾರರ ಸಂಕಟವು ನಾಡಿನ ಪ್ರಶ್ನೆಯಾದುದು ಮಲೆನಾಡಿನಲ್ಲಿ 1951ರ ಕಾಗೋಡು ಸತ್ಯಾಗ್ರಹದಿಂದ. 1952ರಲ್ಲಿ ಮೈಸೂರಿನ ಗೇಣಿ ಶಾಸನವೂ, 1961ರಲ್ಲಿ ಅಂಗೀಕೃತವಾಗಿ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ಭೂಸುಧಾರಣಾ ಶಾಸನವೂ ಹುಟ್ಟಿದವು. ಈ ಎರಡನೆಯ ಶಾಸನವು ಗೇಣಿಗೆ ಮಿತಿಯನ್ನು ಕಟ್ಟಿತಾದರೂ, ಸ್ವಂತ ಸಾಗುವಳಿಗೆಂದು ಭೂಮಿಯನ್ನು ಹಿಂದಕ್ಕೆ ಪಡೆಯುವ ಹಕ್ಕನ್ನು ಒಡೆಯನಿಗೆ ಉಳಿಸಿತು. ವಿಧವೆಯರು, ಅಪ್ರಾಪ್ತವಯಸ್ಕರು ಮೊದಲಾದ ಅಶಕ್ತರಿಗೆ ವಿನಾಯಿತಿಗಳನ್ನೂ ಇಟ್ಟಿತು. ಹಿಂದಕ್ಕೆ ಪಡೆಯುವ ಈ ಹಕ್ಕಿನ ಬಾಗಿಲಿನಿಂದ ಹೊರಗೆ ಹೋದ ಒಕ್ಕಲುಗಳು ಕಡಮೆಯಲ್ಲ. ಕಾನೂನನ್ನು ಬಲ್ಲ ಒಡೆಯನು ರಸೀತಿ ಕೊಡುವುದನ್ನು ನಿಲ್ಲಿಸಿದನು. ಪಹಣಿಯ 9ನೆಯ ಅಂಕಣದಲ್ಲಿ ಒಡೆಯನ ಹೆಸರೂ 12ನೆಯ ಅಂಕಣದಲ್ಲಿ ಬೆಳೆಯ ಜೊತೆಗೆ ಸಾಗುವಳಿದಾರನ ಹೆಸರೂ ಬರತಕ್ಕವು. ಈ ಎರಡನೆಯ ಅಂಕಣದಲ್ಲಿ ಮತ್ತೊಬ್ಬನ ಹೆಸರು ಸೇರದಂತೆ ನೋಡಿಕೊಳ್ಳುವುದೇ ಸಣ್ಣ ಒಡೆಯನ ಮುಖ್ಯ ಎಚ್ಚರಿಕೆಯಾಯಿತು. 1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆಯು ರದ್ದಾಗಿ ಲೆಕ್ಕಪತ್ರಗಳು ಸರ್ಕಾರದ ಗ್ರಾಮಲೆಕ್ಕಿಗನ ಕೈಗೆ ಬಂದ ಮೇಲೂ ಈ ಎಚ್ಚರಿಕೆಯು ತಪ್ಪಲಿಲ್ಲ.

ನಿರ್ಣಾಯಕವಾದ ಶಾಸನವು ಪಕ್ಕದ ತಾಲ್ಲೂಕಿನವರಿಂದಲೇ ಬಂದಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಗಳಾದರು. ಅವರ ಸರ್ಕಾರದ ತಿದ್ದುಪಡಿಯ ಮೇರೆಗೆ 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿಯೆಲ್ಲವೂ ಸರ್ಕಾರಕ್ಕೆ ಸೇರಿತು. ಗೇಣಿದಾರನು 7ನೆಯ ನಮೂನೆಯಲ್ಲಿ ಅರ್ಜಿಯನ್ನು ಕೊಟ್ಟು ಅಧಿಭೋಗದಾರನಾಗಬಹುದಾಯಿತು. ಅಸಿಸ್ಟೆಂಟ್ ಕಮಿಷನರರ ಅಧ್ಯಕ್ಷತೆಯಲ್ಲಿ ಸರ್ಕಾರಿ ನೌಕರರಲ್ಲದವರೂ ಕುಳಿತ ಭೂನ್ಯಾಯಮಂಡಲಿಗಳು ವಿಚಾರಣೆಯನ್ನು ನಡೆಸಿದವು. ವಕೀಲರಿಗೆ ಆರಂಭದಲ್ಲಿ ಅಲ್ಲಿ ಪ್ರವೇಶವಿರಲಿಲ್ಲ. ಅರ್ಜಿಗೆ ಕೊನೆಯ ಗಡುವಾದ 1979ರ ಜೂನ್ 30ರ ಹೊತ್ತಿಗೆ ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿಗಳು ಬಂದಿದ್ದವು. ಗೇಣಿಯೇ ಪ್ರಧಾನವಾಗಿದ್ದ ಕರಾವಳಿ–ಮಲೆನಾಡುಗಳಲ್ಲಿ ಇದು ಸಮಾಜದ ರೂಪವನ್ನೇ ಬದಲಿಸಿತು. ಉಳುವವನು ತಲೆಯೆತ್ತಿ ನಿಂತುದು ಈ ಶಾಸನದ ಅಳಿಯದ ಕೀರ್ತಿ.

ಆದರೆ ಬೆದ್ದಲು ಸೀಮೆಯ ಕಥೆಯು ಅಷ್ಟು ನೇರವಲ್ಲ. ಯೋಧರೂ ನಾವಿಕರೂ ಹೊರತು ಇನ್ನಾರಿಗೂ ಭೂಮಿಯನ್ನು ಗೇಣಿಗೆ ಕೊಡುವ ಅಧಿಕಾರ ಉಳಿಯಲಿಲ್ಲ. ವಿಧವೆಯ ಎರಡು ಎಕರೆಯೂ ದೊಡ್ಡ ಇನಾಮುದಾರನ ಇನ್ನೂರು ಎಕರೆಯೂ ಒಂದೇ ತಕ್ಕಡಿಗೆ ಬಂದವು. ಸರ್ಕಾರದ ಪರಿಹಾರವು ಅವಳಿಗೆ ವರ್ಷದ ಕಾಳಿಗೆ ಸಮನಾಗಲಿಲ್ಲ. ಅತ್ತ, ಮೂವತ್ತು ವರ್ಷ ಉತ್ತರೂ ಪಹಣಿಯಲ್ಲಿ ಹೆಸರಿಲ್ಲದ, ರಸೀತಿಯಿಲ್ಲದ, ಅದೇ ಒಡೆಯನ ಮನೆಯ ಸಾಲಕ್ಕೆ ಸಿಕ್ಕಿದ ಬಡ ಒಕ್ಕಲು ಅರ್ಜಿಯನ್ನೇ ಹಾಕಲಿಲ್ಲ. ಹಾಕಿದರೆ ಸಾಕ್ಷಿ ಹೇಳುವವರು ಸಿಕ್ಕಲಿಲ್ಲ. ಕಾಗದವನ್ನೂ ಜನಬಲವನ್ನೂ ಕೂಡಿಸಿಕೊಳ್ಳಬಲ್ಲ ಗಟ್ಟಿ ಕುಳಕ್ಕೆ ಶಾಸನವು ಸುಲಭವಾಗಿ ಒದಗಿತು. ಹೀಗೆ ದುರ್ಬಲ ಒಡೆಯನೂ ದುರ್ಬಲ ಒಕ್ಕಲೂ ಒಂದೇ ಕಾರಣದಿಂದ ಸೋತರು: ಇಬ್ಬರೂ ಮಾತನ್ನು ನಂಬಿದ್ದರು.

ನಿಷೇಧದಿಂದ ವಾರವು ನಿಂತುಹೋಯಿತೇ? ಇಲ್ಲ, ಹೆಸರನ್ನು ಬಿಟ್ಟು ನಡೆಯಿತು. ಹೊಲವನ್ನು ಬಿಡುವವನು ಇಂದಿಗೂ ಬರಹಕ್ಕೆ ಅಂಜಿ, ಒಬ್ಬನಿಗೇ ಬಹುಕಾಲ ಕೊಡಲು ಹಿಂಜರಿಯುತ್ತಾನೆ. ಹಿಡಿದವನಿಗೆ ಬ್ಯಾಂಕಿನ ಬೆಳೆಸಾಲವಾಗಲಿ ಬರಪರಿಹಾರವಾಗಲಿ ತನ್ನ ಹೆಸರಿನಲ್ಲಿ ಒದಗುವುದು ಕಷ್ಟ; ಅವು ಪಹಣಿಯ ಹೆಸರನ್ನು ಹಿಂಬಾಲಿಸುತ್ತವೆ. ಮುಂದಿನ ವರ್ಷವೂ ತನ್ನದೆಂಬ ಭರವಸೆ ಇಲ್ಲದವನು ಹೊಲಕ್ಕೆ ಕೆರೆಗೋಡನ್ನೇಕೆ ಹೊಡೆಸಿಯಾನು? ಪಿರಿಯಾಪಟ್ಟಣ, ಹುಣಸೂರುಗಳ ಹೊಗೆಸೊಪ್ಪಿನ ಬೇಸಾಯವು ಈ ಗಂಟನ್ನು ಇನ್ನಷ್ಟು ಬಿಗಿದಿದೆ. 1976ರಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿಯ ಲೈಸೆನ್ಸು ಬೆಳೆಗಾರನೊಬ್ಬನ ಹೆಸರಿನಲ್ಲಿರುತ್ತದೆ. ಹರಾಜಿನ ಹಣವೂ ಆ ಹೆಸರಿಗೇ ಸಲ್ಲುತ್ತದೆ. ಲೈಸೆನ್ಸುಳ್ಳವನ ಹೊಲವನ್ನೂ ಬ್ಯಾರನ್ನನ್ನೂ ಹಿಡಿದು ಸೊಪ್ಪು ಬೇಯಿಸುವವನು, ತನ್ನ ದುಡಿಮೆಯ ಹಣಕ್ಕೆ ಮತ್ತೊಬ್ಬನ ಮಾತನ್ನೇ ಕಾಯಬೇಕು.

2016ರಲ್ಲಿ ನೀತಿ ಆಯೋಗವು, ಒಡೆತನಕ್ಕೆ ಧಕ್ಕೆಯಿಲ್ಲದೆ ಬರಹದ ಗೇಣಿಗೆ ಅವಕಾಶ ಕೊಡುವ ಮಾದರಿ ಶಾಸನವೊಂದನ್ನು ರಾಜ್ಯಗಳ ಮುಂದಿಟ್ಟಿತು. 2020ರಲ್ಲಿ ಕರ್ನಾಟಕವು ತನ್ನ ಶಾಸನವನ್ನು ತಿದ್ದಿ, ಬೇಸಾಯಗಾರರಲ್ಲದವರೂ ಭೂಮಿಯನ್ನು ಕೊಳ್ಳಬಹುದೆಂದು ಮಾಡಿತು. ಗೇಣಿಯ ನಿಷೇಧವನ್ನು ಮಾತ್ರ ಮುಟ್ಟಲಿಲ್ಲ. ಬರಹದ ಗೇಣಿಗೆ ಅವಕಾಶವಾದರೆ ದೊಡ್ಡ ಬಂಡವಾಳದವರು ಸಣ್ಣ ಹೊಲಗಳನ್ನೆಲ್ಲ ಸೇರಿಸಿಕೊಳ್ಳುವರೆಂಬ ಭೀತಿಯು ಸಾಧಾರವಾದುದೇ. ಹಾಗಿದ್ದರೂ ಎರಡು ಎಕರೆಯ ಒಡತಿಯನ್ನೂ ಇನ್ನೂರು ಎಕರೆಯ ಒಡೆಯನನ್ನೂ ಬೇರೆಬೇರೆಯಾಗಿ ಕಾಣುವುದು ಶಾಸನಕ್ಕೆ ಅಸಾಧ್ಯವಲ್ಲ. ಸಣ್ಣ ಹಿಡುವಳಿಯ ಮಟ್ಟಿಗಾದರೂ ಒಡೆಯನು ನಿರ್ಭಯನಾಗಿ ರಸೀತಿಯನ್ನು ಕೊಡುವ, ಒಕ್ಕಲು ನಿರ್ಭಯನಾಗಿ ಅದನ್ನು ಕೇಳುವ ಏರ್ಪಾಡು ಬಂದಲ್ಲಿ, ಪಹಣಿಯ 12ನೆಯ ಅಂಕಣದಲ್ಲಿ ನಿಜವಾಗಿ ಉಳುವವನ ಹೆಸರು ಕಾಣಿಸಿಕೊಳ್ಳುವುದು. ಅಲ್ಲಿಯವರೆಗೆ ಆ ಅಂಕಣವು ರಾವಂದೂರು ಸೀಮೆಯ ಅನೇಕ ಹೊಲಗಳ ವಿಷಯದಲ್ಲಿ ಒಡೆಯನ ಹೆಸರನ್ನೇ ಎರಡನೆಯ ಸಲ ಬರೆದುಕೊಳ್ಳುತ್ತಿರುವುದು.