ಹಾಸಿಗೆ ಹಿಡಿದ ಹುಡುಗನಿಗೊಂದು ಓಲೆ

ಕಾಯಿಲೆಯವರಿಗೆ ಪತ್ರ ಬರೆಯುವುದು ಕಷ್ಟದ ಕೆಲಸ. ‘ಬೇಗ ಗುಣವಾಗಲಿ’ ಎಂದೊಡನೆ ಲೇಖನಿ ನಿಂತುಬಿಡುತ್ತದೆ. ಕಾಯಿಲೆಯಾದದ್ದು ಐದು ವರ್ಷದ ಬಾಲಕನಿಗಾದರಂತೂ ಮುಂದೇನು ಬರೆಯಬೇಕೋ ತೋಚದು.

1893ರ ಸೆಪ್ಟೆಂಬರ್ 4ರಂದು, ಸ್ಕಾಟ್ಲೆಂಡಿನ ಡಂಕೆಲ್ಡ್‌ನಲ್ಲಿ ತಂಗಿದ್ದ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್‌ಗೂ ಇದೇ ಪೇಚು. ಹಿಂದೆ ತನಗೆ ಮನೆಪಾಠ ಹೇಳಿದ್ದ ಆನಿ ಮೂರ್‌ಳ ಮಗ ನೋಯೆಲ್ ಹಾಸಿಗೆ ಹಿಡಿದಿದ್ದ. ಬರೆಯಲು ಏನೂ ತಿಳಿಯದೆಂದು ಮೊದಲೇ ಒಪ್ಪಿಕೊಂಡು ಆಕೆ ನಾಲ್ಕು ಮೊಲದ ಮರಿಗಳ ಕಥೆ ತೊಡಗಿದಳು; ಸಾಲುಗಳ ನಡುವೆ ಚಿತ್ರಗಳನ್ನೂ ಬಿಡಿಸಿದಳು. ತಾಯಿಯ ಮಾತು ಮೀರಿ ಪರರ ತೋಟಕ್ಕೆ ನುಗ್ಗಿದ ಪೀಟರ್, ಹೊಟ್ಟೆಬಿರಿಯ ತಿಂದು, ಹೇಗೋ ತಪ್ಪಿಸಿಕೊಂಡು ಮನೆ ಸೇರುತ್ತಾನೆ. ಆಮೇಲೆ? ಅವನೂ ಹಾಸಿಗೆ ಹಿಡಿಯುತ್ತಾನೆ. ಅವನಿಗೂ ತಾಯಿ ಕಷಾಯ ಕುಡಿಸುತ್ತಾಳೆ! ಪತ್ರದ ಜಾಣ್ಮೆಯೆಲ್ಲ ಇಲ್ಲಿಯೇ ಇದೆಯೆಂದು ನನ್ನ ಎಣಿಕೆ. ಹುಡುಗನ ಮೇಲೆ ಕನಿಕರ ಸುರಿಯದೆ, ಅವನ ಪಕ್ಕದಲ್ಲಿ ಇನ್ನೊಬ್ಬ ರೋಗಿಯನ್ನು ಮಲಗಿಸಿಬಿಟ್ಟಳು.

ಮರುದಿನ ತಮ್ಮ ಎರಿಕ್‌ಗೂ ಒಂದು ಕಪ್ಪೆಯ ಕಥೆ ಹೋಯಿತು. ಅಣ್ಣನಿಗಷ್ಟೇ ಓಲೆ ಬಂದರೆ ಏನಾದೀತೆಂದು ಮಕ್ಕಳಿರುವ ಮನೆಯವರಿಗೆ ಹೇಳಬೇಕಾಗಿಲ್ಲ.

ನೋಯೆಲ್ ಆ ಓಲೆಯನ್ನು ಜೋಪಾನವಾಗಿಟ್ಟಿದ್ದ. ವರ್ಷಗಳ ಮೇಲೆ ಪುಸ್ತಕ ಮಾಡುವ ಮನಸ್ಸಾದಾಗ, ಬರೆದವಳೇ ಅದನ್ನು ಅವನಿಂದ ಎರವಲು ಪಡೆದು ನಕಲು ಮಾಡಿಕೊಳ್ಳಬೇಕಾಯಿತು. ಹಲವು ಪ್ರಕಾಶಕರು ಒಲ್ಲೆವೆಂದರು. 1901ರಲ್ಲಿ ತಾನೇ 250 ಪ್ರತಿ ಅಚ್ಚುಹಾಕಿಸಿದಳು. ಮರುವರ್ಷ ಫ್ರೆಡರಿಕ್ ವಾರ್ನ್ ಸಂಸ್ಥೆ ಬಣ್ಣದ ಚಿತ್ರಗಳೊಡನೆ ‘ದಿ ಟೇಲ್ ಆಫ್ ಪೀಟರ್ ರ‍್ಯಾಬಿಟ್’ ಎಂದು ಹೊರತಂದಿತು. ಅಚ್ಚಾದ ಪುಸ್ತಕದಲ್ಲಿಯೂ ಪೀಟರ್‌ಗೆ ಆ ಕಷಾಯ ತಪ್ಪಲಿಲ್ಲ.