ವೇಷ ಹಾಕಿದ ಊರು

ಊರಿನಿಂದ ಅಪ್ಪ-ಅಮ್ಮ ಬಂದರೆ ಬೇ ಏರಿಯಾದ ಕನ್ನಡಿಗರ ಕಾರುಗಳೆಲ್ಲ ಒಂದೇ ದಾರಿ ಹಿಡಿಯುತ್ತವೆ. ಗೋಲ್ಡನ್ ಗೇಟ್ ಸೇತುವೆ, ಲಿವರ್‌ಮೋರ್ ದೇವಸ್ಥಾನ, ಮಾಂಟೆರೆ ಸಮುದ್ರ, ಹೆಚ್ಚೆಂದರೆ ಯೊಸೆಮಿಟಿ. ಇಷ್ಟು ಮುಗಿಯುವ ಹೊತ್ತಿಗೆ ಒಂದು ತಿಂಗಳಾಗಿರುತ್ತದೆ, ಇನ್ನೂ ಐದು ತಿಂಗಳು ಬಾಕಿ ಇರುತ್ತದೆ! ನಮ್ಮ ಮನೆಯಲ್ಲೂ ಇದೇ ಕಥೆ. ಬೇರೇನೂ ತೋಚದೆ ಒಂದು ಶನಿವಾರ ಸಂಜೆ, ಮನೆಯಿಂದ ಹತ್ತೇ ನಿಮಿಷದ ದಾರಿಯಾದ ನೈಲ್ಸ್ ಪೇಟೆಗೆ ಹೋದೆವು. ಅಲ್ಲಿನ ಎಡಿಸನ್ ಥಿಯೇಟರಿನಲ್ಲಿ ಹಳೆಯ ಮೂಕಿ ಚಿತ್ರ ಹಾಕಿದ್ದರು, ಜೊತೆಗೆ ಎದುರಿಗೇ ಕೂತು ನುಡಿಸುವ ಪಿಯಾನೋ.

ನಡುನಡುವೆ ಪರದೆಯ ಮೇಲೆ ಬರುವ ಇಂಗ್ಲಿಷ್ ಸಾಲುಗಳನ್ನು ನಮ್ಮ ಮಗಳು ಅಜ್ಜನ ಕಿವಿಯಲ್ಲಿ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಪ್ಪ, "ಬೇಡ ಬಿಡು ಪುಟ್ಟಿ, ಗೊತ್ತಾಗುತ್ತೆ" ಅಂದರು. ಅಮೆರಿಕಕ್ಕೆ ಬಂದ ಮೇಲೆ ಅವರು ಅಕ್ಕಪಕ್ಕದವರ ಜೊತೆಗೆ, ಅದೇ ಕ್ಷಣದಲ್ಲಿ, ಅದೇ ಕಾರಣಕ್ಕೆ ನಕ್ಕದ್ದು ಅದೇ ಮೊದಲು.

ನೈಲ್ಸ್ ಎಂದರೆ ಈಗ ಫ್ರೀಮಾಂಟಿನ ಒಂದು ಭಾಗ. 1956ರಲ್ಲಿ ಐದು ಊರುಗಳು ಸೇರಿ ಫ್ರೀಮಾಂಟ್ ಆದವಲ್ಲ, ಅವುಗಳಲ್ಲಿ ಇದೂ ಒಂದು. ಆದರೆ ಅದಕ್ಕೂ ನಲವತ್ತು ವರ್ಷ ಮೊದಲೇ ಈ ಪುಟ್ಟ ಊರನ್ನು ಜಗತ್ತು ನೋಡಿಬಿಟ್ಟಿತ್ತು, ನೈಲ್ಸ್ ಎಂದು ಗೊತ್ತಿಲ್ಲದೆಯೇ. 1912ರಿಂದ 1916ರವರೆಗೆ ಷಿಕಾಗೋದ ಎಸ್ಸನೇ ಕಂಪನಿ ಇಲ್ಲಿ ಸುಮಾರು 350 ಚಿತ್ರಗಳನ್ನು ತಯಾರಿಸಿತು. ಸ್ಪೂರ್ ಮತ್ತು ಆಂಡರ್ಸನ್ ಎಂಬ ಇಬ್ಬರು ಪಾಲುದಾರರು. ಅವರ ಹೆಸರಿನ ಮೊದಲಕ್ಷರಗಳಾದ 'ಎಸ್' ಮತ್ತು 'ಎ' ಸೇರಿ ಎಸ್ಸನೇ.

ಅವರಿಗೆ ಬೇಕಾಗಿದ್ದದ್ದು ಬಿಸಿಲು, ಕಣಿವೆ, ಹೊಳೆ, ರೈಲು. ನಾಲ್ಕೂ ನೈಲ್ಸ್‌ನಲ್ಲಿ ಕೈಗೆಟುಕುವಷ್ಟು ಹತ್ತಿರ. ಹಾಗಾಗಿ ಹಣ್ಣಿನ ತೋಟಗಳ ನಡುವಿನ ಈ ಸಾಧು ಊರು ಬೆಳಗಾದರೆ ಕುದುರೆ ಕಳ್ಳರ, ಪಿಸ್ತೂಲು ಕಾಳಗದ 'ಕಾಡು ಪಶ್ಚಿಮ'ವಾಗುತ್ತಿತ್ತು, ಸಂಜೆಗೆ ಮತ್ತೆ ನೈಲ್ಸ್ ಆಗುತ್ತಿತ್ತು. ಹಾಸ್ಯಚಿತ್ರಗಳಲ್ಲಂತೂ ಊರಿಗೆ ಬೇರೆಯದೇ ಹೆಸರು: ಸ್ನೇಕ್‌ವಿಲ್. ನಮ್ಮ ಬಾಯಲ್ಲಿ ಹೇಳುವುದಾದರೆ ಹಾವೂರು!

ಈ ಆಟದ ಮುಖ್ಯ ವೇಷಧಾರಿ 'ಬ್ರಾಂಕೋ ಬಿಲ್ಲಿ'. ಚಿತ್ರಜಗತ್ತಿನ ಮೊದಲ ಕೌಬಾಯ್ ನಾಯಕ ಎಂದು ಹೆಸರಾದವನು. ಕಂಪನಿಯ ಪಾಲುದಾರ ಆಂಡರ್ಸನ್ ಇವನೇ. ಆದರೆ ಆಂಡರ್ಸನ್ ಕೂಡ ಹುಟ್ಟುಹೆಸರಲ್ಲ. ಅರ್ಕನ್ಸಾದ ಯಹೂದಿ ಕುಟುಂಬದಲ್ಲಿ 1880ರಲ್ಲಿ ಹುಟ್ಟಿದ ಮ್ಯಾಕ್ಸ್ ಆರನ್‌ಸನ್ ಈತ. 1903ರ 'ದಿ ಗ್ರೇಟ್ ಟ್ರೈನ್ ರಾಬರಿ' ಚಿತ್ರಕ್ಕೆ ಕುದುರೆ ಸವಾರಿ ಬರುತ್ತದೆ ಎಂದು ಹೇಳಿ ಸೇರಿಕೊಂಡು, ಹತ್ತಿದ ಕುದುರೆಯಿಂದ ಬಿದ್ದ ಎಂಬ ಕಥೆಯಿದೆ. ಅಂದಹಾಗೆ ಆ ಚಿತ್ರದ 'ಪಶ್ಚಿಮ' ತಯಾರಾದದ್ದು ನ್ಯೂಜೆರ್ಸಿಯಲ್ಲಿ. ಅಲ್ಲಿರುವ ನಮ್ಮ ಕನ್ನಡ ಮಿತ್ರರು ಬೇಕಾದರೆ ಹೆಮ್ಮೆಪಡಬಹುದು.

1915ರ ಆರಂಭದಲ್ಲಿ ಚಾರ್ಲಿ ಚಾಪ್ಲಿನ್ ಇದೇ ನೈಲ್ಸ್‌ಗೆ ಬಂದರು. ವಾರಕ್ಕೆ 1250 ಡಾಲರ್ ಸಂಬಳ! ಕೆಲವೇ ತಿಂಗಳಲ್ಲಿ ಇಲ್ಲಿ ಐದು ಚಿತ್ರ ಮುಗಿಸಿ ಲಾಸ್ ಏಂಜಲೀಸ್‌ಗೆ ಹೊರಟುಹೋದರು. ಅವುಗಳಲ್ಲಿ ಕೊನೆಯದು 'ದಿ ಟ್ರ್ಯಾಂಪ್'. ಅದರ ಅಂತ್ಯದಲ್ಲಿ ಅಲೆಮಾರಿ ನಮಗೆ ಬೆನ್ನು ಹಾಕಿ ನಡೆಯುತ್ತಾನೆ. ಸೋತ ಹೆಜ್ಜೆ. ಒಂದು ಕ್ಷಣ ಭುಜ ಕೊಡವಿ, ಕಾಲು ಝಾಡಿಸಿ, ಚುರುಕಾಗಿ ಮುಂದೆ ಹೋಗುತ್ತಾನೆ. ಆ ರಸ್ತೆ ನಮ್ಮ ನೈಲ್ಸ್ ಕಣಿವೆಯದು. ನಮ್ಮಲ್ಲಿ ಎಷ್ಟೋ ಜನ ಸುನೋಲ್ ಕಡೆಗೆ ಟ್ರಾಫಿಕ್ ತಪ್ಪಿಸಿಕೊಳ್ಳಲು ಓಡಿಸುವ ಕಣಿವೆ ಅದೇ!

ಇದನ್ನೆಲ್ಲ ಕೇಳುತ್ತಾ ಅಪ್ಪ ಅಂದರು, "ಇದರಲ್ಲೇನು ಹೊಸದು? ನಮ್ಮ ರಾಮನಗರ ರಾಮಗಢ ಆಗಲಿಲ್ಲವಾ?" ನಿಜವೇ. 1975ರ 'ಶೋಲೆ'ಯ ರಾಮಗಢ ಎದ್ದದ್ದು ರಾಮದೇವರ ಬೆಟ್ಟದ ಬುಡದಲ್ಲಿ. ರೈಲು ದರೋಡೆಯಿಂದ ಹಿಡಿದು ಬಂಡೆಗಳ ಮರೆಯ ಗುಂಡಿನ ಕಾಳಗದವರೆಗೆ ಅದು ಬ್ರಾಂಕೋ ಬಿಲ್ಲಿಯ ಮರಿಮೊಮ್ಮಗನೇ. ಆಗುಂಬೆ 1986ರಲ್ಲಿ ಶಂಕರ್ ನಾಗ್ ಕೈಯಲ್ಲಿ ಮಾಲ್ಗುಡಿಯಾಯಿತು. ಆ ಧಾರಾವಾಹಿಯಲ್ಲಿ ಕಾಣಿಸಿಕೊಂಡ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ ಈಗ ಮಾಲ್ಗುಡಿ ಹೆಸರಿನ ಮ್ಯೂಸಿಯಂ. ಅಷ್ಟೇಕೆ, 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದದ್ದು ಕೊಲ್ಹಾಪುರದಲ್ಲಿ. ಕನ್ನಡ ಮಾತಾಡಿದ ಮೊದಲ ಬೆಳ್ಳಿತೆರೆಯ ಲಂಕೆ ಎದ್ದದ್ದು ಮರಾಠಿ ನಾಡಿನಲ್ಲಿ! ಪರದೇಶದಲ್ಲಿ ಕನ್ನಡ ಆಡುವ ನಮಗೆ ಇದಕ್ಕಿಂತ ಸಮಾಧಾನ ಬೇಕೇ?

ಆಗಲೇ ಹಿಂದಿನ ಸೀಟಿನಿಂದ ಮಗಳ ಪ್ರಶ್ನೆ ಬಂತು. "ನಮ್ಮ ರಾಜ್ಯೋತ್ಸವ ಕೂಡ ಹಾಗೇ ಅಲ್ವಾ ಅಜ್ಜ? ಪ್ರಿಟೆಂಡ್?"

ನಾವಿಬ್ಬರೂ ಸುಮ್ಮನಾದೆವು. ಪ್ರಶ್ನೆ ಎಲ್ಲಿಂದ ಬಂತೆಂದು ಗೊತ್ತಿತ್ತು. ಹಿಂದಿನ ನವೆಂಬರಿನಲ್ಲಿ ಅವಳು ಕಿತ್ತೂರು ಚೆನ್ನಮ್ಮನ ವೇಷದಲ್ಲಿ ವೇದಿಕೆ ಹತ್ತಿದ್ದಳು. 'ಕಪ್ಪ' ಎನ್ನಬೇಕಾದ ಕಡೆ ಅವಳ ಅಮೆರಿಕನ್ ನಾಲಿಗೆ ಒಂದು 'ಪ'ವನ್ನು ನುಂಗಿಬಿಟ್ಟಿತ್ತು. ಸಭೆ ನಕ್ಕಿತು, ಪ್ರೀತಿಯಿಂದಲೇ. ಹೇಳಬೇಕೆಂದರೆ ನಾವೂ ನಕ್ಕೆವು. ಅವಳು ಮಾತ್ರ ಆ ದಿನದಿಂದ ಮನೆಯಲ್ಲಿ ಕನ್ನಡ ಕಡಿಮೆ ಮಾಡಿದಳು. ಈ ವರ್ಷ ಭಾಗವಹಿಸುವುದಿಲ್ಲ ಎಂದೂ ಹೇಳಿದ್ದಳು.

ಅವಳ ಪ್ರಶ್ನೆ ತಪ್ಪೆನ್ನುವಂತಿರಲಿಲ್ಲ. ಬಾಡಿಗೆ ಸಭಾಂಗಣ, ಪ್ಲಾಸ್ಟಿಕ್ ಮಾವಿನೆಲೆಯ ತೋರಣ, ಬಿಸಿಬೇಳೆಬಾತ್. ಬೆಳಗಿನಿಂದ ರಾತ್ರಿಯವರೆಗೆ ಅದು ಕರ್ನಾಟಕ. ಆಮೇಲೆ ಕುರ್ಚಿ ಮಡಚಿ, ಬೀಗದ ಕೈ ಒಪ್ಪಿಸಿ ಬಂದರೆ ಮತ್ತೆ ಫ್ರೀಮಾಂಟ್. ಸ್ನೇಕ್‌ವಿಲ್‌ಗೂ ಇದಕ್ಕೂ ಏನು ವ್ಯತ್ಯಾಸ?

ವೇಷಕ್ಕೆ ಅಪಾಯವೂ ಇದೆ. ಪರದೆಯ ಕಾಡು ಪಶ್ಚಿಮವನ್ನು ಎಲ್ಲರೂ ನೋಡಿದರು. ಅದೇ ಹೊಳೆಯ ದಂಡೆಯಲ್ಲಿ ಸಾವಿರಾರು ವರ್ಷ ಬಾಳಿದ್ದ ಒಹ್ಲೋನಿ ಜನರನ್ನು, 1797ರಲ್ಲಿ ಇಲ್ಲೇ ಶುರುವಾದ ಮಿಷನ್ ಸ್ಯಾನ್ ಹೊಸೆಯಲ್ಲಿ ದುಡಿದು ರೋಗಕ್ಕೆ ತುತ್ತಾದವರನ್ನು ನೆನೆದವರು ಕಡಿಮೆ. ಇಂದಿಗೂ ಇಲ್ಲೇ ಇರುವ ಅವರ ಮಕ್ಕಳನ್ನು ಗಮನಿಸಿದವರು ಇನ್ನೂ ಕಡಿಮೆ. ಆಡಿದ ಆಟ ಇದ್ದ ನಿಜವನ್ನು ಮುಚ್ಚಿತು. ನಾವೂ ವೇದಿಕೆಯ ಮೇಲೆ ನಮಗೆ ಬೇಕಾದ ಕರ್ನಾಟಕವನ್ನು ಕಟ್ಟುವ ಭರದಲ್ಲಿ, ಎದುರಿಗೆ ನಿಂತ ಫ್ರೀಮಾಂಟಿನ ಮಗುವನ್ನು ಮರೆತಿದ್ದೆವೇನೋ.

ಅಪ್ಪ ಮನೆ ಬರುವವರೆಗೂ ಮಾತಾಡಲಿಲ್ಲ. ಕಾರಿನಿಂದ ಇಳಿಯುವಾಗ ಅಂದರು, "ಹೌದು ಪುಟ್ಟಿ, ವೇಷವೇ. ಆದರೆ ಆ ಬಿಲ್ಲಿಗೆ ಕುದುರೆ ಹತ್ತೋಕೆ ಬರ್ತಿತ್ತಾ?"

"ಇಲ್ಲ. ಬಿದ್ದ."

"ಬಿದ್ದು ಮನೆಗೆ ಹೋಗಿದ್ದರೆ?"

ಅವಳು ಉತ್ತರ ಕೊಡಲಿಲ್ಲ. ಅಂದು ಬಿದ್ದ ಆ ಮನುಷ್ಯನಿಗೆ 1958ರಲ್ಲಿ ಗೌರವ ಆಸ್ಕರ್ ಬಂತು. ನೈಲ್ಸ್ ಸ್ಟುಡಿಯೋವನ್ನು 1933ರಲ್ಲೇ ಕೆಡವಿದ್ದರು.

ಅಪ್ಪ-ಅಮ್ಮ ಅಕ್ಟೋಬರಿನಲ್ಲಿ ಊರಿಗೆ ಹೊರಟರು. ನವೆಂಬರಿನಲ್ಲಿ ಮಗಳು ಮತ್ತೆ ಚೆನ್ನಮ್ಮನಾದಳು. 'ಕಪ್ಪ' ಈ ಸಲವೂ ಪೂರ್ತಿ ಸರಿಯಾಗಲಿಲ್ಲ. ಸಭೆಯಲ್ಲಿ ಅಲ್ಲಲ್ಲಿ ನಗು ಕೇಳಿಸಿತು. ಅವಳು ಒಂದು ಕ್ಷಣ ನಿಂತಳು, ಭುಜ ಕೊಡವಿದಳು, ಮುಂದಿನ ಸಾಲಿಗೆ ಹೋದಳು.

ಈ ಸಲ ನಾವು ನಗಲಿಲ್ಲ.