‘ಇದು ಜೆಲ್ಡಾನೇ ಅಲ್ಲ!’

2000ರ ಆಗಸ್ಟ್‌ನಲ್ಲಿ ನಿಂಟೆಂಡೊ ಕಂಪನಿ ತನ್ನ ‘ಸ್ಪೇಸ್ ವರ್ಲ್ಡ್’ ಪ್ರದರ್ಶನದಲ್ಲಿ ಒಂದು ಪುಟ್ಟ ತುಣುಕು ತೋರಿಸಿತು. ಪ್ರಾಯಕ್ಕೆ ಬಂದ ನಾಯಕ ಲಿಂಕ್, ಎದುರಿಗೆ ಖಳನಾಯಕ ಗ್ಯಾನನ್‌ಡಾರ್ಫ್, ಕತ್ತಿಗೆ ಕತ್ತಿ. ಬರಲಿದ್ದ ಗೇಮ್‌ಕ್ಯೂಬ್ ಯಂತ್ರದ ಕಸುವು ತೋರಿಸುವುದಷ್ಟೇ ಅದರ ಉದ್ದೇಶ. ‘ದಿ ಲೆಜೆಂಡ್ ಆಫ್ ಜೆಲ್ಡಾ’ ವಿಡಿಯೊ ಗೇಮ್ ಸರಣಿಯ ಅಭಿಮಾನಿಗಳು ಮಾತ್ರ ಅದನ್ನೇ ಮುಂದಿನ ಆಟವೆಂದು ನಂಬಿ ವರ್ಷವಿಡೀ ಮೆಲುಕು ಹಾಕಿದರು. ಮರುವರ್ಷ ಅದೇ ಪ್ರದರ್ಶನದಲ್ಲಿ ನಿಜವಾದ ಆಟ ಕಾಣಿಸಿಕೊಂಡಿತು. ಅದರ ಲಿಂಕ್ ದೊಡ್ಡ ತಲೆ, ಬೆಕ್ಕಿನ ಕಣ್ಣು, ಗಿಡ್ಡ ಕಾಲುಗಳ ಕಾರ್ಟೂನ್ ಹುಡುಗ! ‘ಸೆಲ್ ಶೇಡಿಂಗ್’ ಎಂಬ ಆ ಚಿತ್ರಶೈಲಿಯ ಹೆಸರು ಸೇರಿಸಿ ಸಿಟ್ಟಾದವರು ಆಟವನ್ನು ‘ಸೆಲ್ಡಾ’ ಎಂದು ಗೇಲಿ ಮಾಡಿದರು.

ಈ ಸರಣಿಯಲ್ಲಿ ಇಂಥ ಜಗಳ ಅದೇ ಮೊದಲಲ್ಲ, ಕೊನೆಯೂ ಆಗಲಿಲ್ಲ. ಕೇಳಿಸಿಕೊಂಡರೆ ಪ್ರತಿ ಸಲವೂ ಅದರಲ್ಲಿ ಎರಡು ದನಿಗಳಿರುತ್ತವೆ. ಒಂದು ಚಹರೆಯ ತಕರಾರು: ಇದು ನಮ್ಮ ಜೆಲ್ಡಾದಂತಿಲ್ಲ. ಇನ್ನೊಂದು ಕಸುಬಿನ ತಕರಾರು: ಇಲ್ಲಿ ಕೆಲಸ ಸರಿಯಾಗಿಲ್ಲ. ಜಗಳದ ಕಾವಿನಲ್ಲಿ ಎರಡೂ ಒಂದೇ ಎನಿಸುತ್ತವೆ. ಬೇರೆ ಮಾಡುವುದಕ್ಕೆ ಕಾಲವೇ ಬೇಕು.

ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ರೂಪಿಸಿದ ಮೊದಲ ಜೆಲ್ಡಾ ಜಪಾನಿನಲ್ಲಿ ಬಂದದ್ದು 1986ರ ಫೆಬ್ರುವರಿಯಲ್ಲಿ. ಮೇಲಿನಿಂದ ನೋಡಿದಂತೆ ಕಾಣುವ ನಾಡು, ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯ, ಬಂಡೆಗಳ ಹಿಂದೆ ಗುಹೆಗಳು. ಬಾಲ್ಯದಲ್ಲಿ ಕ್ಯೋಟೊ ಪ್ರಾಂತ್ಯದ ಸೊನೊಬೆಯ ಗುಡ್ಡಗಾಡಿನಲ್ಲಿ ಅಲೆದ ನೆನಪನ್ನೇ ಮಿಯಾಮೊಟೊ ಆಟವಾಗಿಸಿದ್ದರು. ಮರುವರ್ಷವೇ ಬಂದ ‘ಜೆಲ್ಡಾ 2’ರಲ್ಲಿ ಕಾದಾಟ ಪಕ್ಕದ ನೋಟಕ್ಕೆ ಹೊರಳಿತು. ಅನುಭವದ ಅಂಕಗಳು ಬಂದವು, ಲಿಂಕ್‌ಗೆ ಇಂತಿಷ್ಟೇ ಜೀವಗಳೆಂದಾಯಿತು. ಇಂದಿಗೂ ಸರಣಿಯಲ್ಲಿ ಗುಂಪಿಗೆ ಸೇರದ್ದು ಯಾವುದೆಂದು ಕೇಳಿದರೆ ಹಲವರು ಹೇಳುವುದು ಇದರ ಹೆಸರನ್ನೇ.

ಆದರೆ 1987ರಲ್ಲಿ ಸೇರಲು ಗುಂಪೇ ಇರಲಿಲ್ಲ. ಅಲ್ಲಿಯವರೆಗೆ ಬಂದದ್ದು ಒಂದೇ ಆಟ. ‘ಜೆಲ್ಡಾ ಅಂದರೆ ಹೀಗೆ’ ಎಂಬ ಅಚ್ಚು ಬಿದ್ದದ್ದು 1991ರ ‘ಎ ಲಿಂಕ್ ಟು ದಿ ಪಾಸ್ಟ್’ನಲ್ಲಿ. ಡಂಜನ್ ಎಂಬ ಒಂದು ಚಕ್ರವ್ಯೂಹ, ಅದರೊಳಗೊಂದು ಹೊಸ ಸಲಕರಣೆ, ಆ ಸಲಕರಣೆಯಿಂದಲೇ ಬಿಡಿಸುವ ಒಗಟು, ಕೊನೆಗೊಬ್ಬ ದೈತ್ಯ. 1998ರ ‘ಒಕರಿನಾ ಆಫ್ ಟೈಮ್’ ಆ ಅಚ್ಚನ್ನು ಮೂರು ಆಯಾಮಕ್ಕೆ ತಂದು ಗಟ್ಟಿ ಮಾಡಿತು. ಅಚ್ಚು ಬಿದ್ದ ಮೇಲೆ ಹಿಂದಿರುಗಿ ನೋಡಿದವರಿಗೆ ‘ಜೆಲ್ಡಾ 2’ ವಕ್ರವಾಗಿ ಕಂಡಿತು. ತಮಾಷೆಯೆಂದರೆ ‘ಒಕರಿನಾ’ದ ಋಷಿಗಳಾದ ರೌರು, ಸಾರಿಯಾ, ಡರೂನಿಯಾ, ರೂಟೊ, ನಬೂರು ಇವೆಲ್ಲ ‘ಜೆಲ್ಡಾ 2’ರ ಊರುಗಳ ಹೆಸರು. ಪಂಕ್ತಿಯಿಂದ ಎಬ್ಬಿಸಿದವನ ಆಸ್ತಿಯನ್ನು ಮನೆಯವರು ಬಳಸಿಕೊಂಡ ಹಾಗೆ.

2000ದ ‘ಮೇಜೋರಾಸ್ ಮಾಸ್ಕ್’ ಅಚ್ಚಿನ ಒಳಗಿದ್ದೇ ಅದನ್ನು ಕದಡಿತು. ಐಜಿ ಅಯೊನುಮಾ, ಯೋಶಿಯಾಕಿ ಕೊಯಿಜುಮಿ ತಂಡ ‘ಒಕರಿನಾ’ದ ಆಕೃತಿಗಳನ್ನೇ ಮತ್ತೆ ಬಳಸಿ ಕಡಿಮೆ ಅವಧಿಯಲ್ಲಿ ಇದನ್ನು ಕಟ್ಟಿತು. ಮೂರು ದಿನದಲ್ಲಿ ಚಂದ್ರ ನೆಲಕ್ಕೆ ಬೀಳುತ್ತಾನೆ. ಆಟದ ಆ 72 ಗಂಟೆ ನಮ್ಮ ಗಡಿಯಾರದಲ್ಲಿ ಸುಮಾರು 54 ನಿಮಿಷ. ಅಷ್ಟರೊಳಗೆ ಒಕರಿನಾ ವಾದ್ಯ ನುಡಿಸಿ ಮೊದಲ ದಿನಕ್ಕೆ ಮರಳಬೇಕು. ಮರಳಿದರೆ, ನೀವು ಉಪಕಾರ ಮಾಡಿದ ಊರವರಿಗೆ ನಿಮ್ಮ ಗುರುತೇ ಇರುವುದಿಲ್ಲ. ತಲೆಯ ಮೇಲೆ ಚಂದ್ರ ಇಳಿಯುತ್ತಿದ್ದರೂ ವೇಳಾಪಟ್ಟಿ ತಪ್ಪದೆ ಓಡುವ ಅಂಚೆಯವನನ್ನು ಕಂಡು ಕೆಲವರ ಕಣ್ಣು ತುಂಬಿತು. ಇನ್ನು ಕೆಲವರು, ಗಡಿಯಾರ ಬೆನ್ನಟ್ಟುವಾಗ ಅಲೆದಾಟದ ಸುಖವೆಲ್ಲಿ ಎಂದು ಕೈಬಿಟ್ಟರು. ಮಾರಾಟ ‘ಒಕರಿನಾ’ದ ಅರ್ಧಕ್ಕೂ ಮುಟ್ಟಲಿಲ್ಲ.

ಇನ್ನು ‘ಸೆಲ್ಡಾ’ದ ಕಥೆ. 2002ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಅದು ಹೊರಬಂತು; ಹೊರದೇಶಗಳಲ್ಲಿ ಅದರ ಹೆಸರು ‘ದಿ ವಿಂಡ್ ವೇಕರ್’. ಹಳೆಯ ಹೈರೂಲ್ ನಾಡು ಕಡಲಡಿ ಮುಳುಗಿದೆ. ಮೇಲೆ ಉಳಿದಿರುವುದು 49 ಚೌಕಗಳ ಸಮುದ್ರ, ಅಲ್ಲಲ್ಲಿ ದ್ವೀಪ. ಕೈಕೋಲು ಬೀಸಿ ಗಾಳಿಯ ದಿಕ್ಕು ತಿರುಗಿಸಿ ದೋಣಿ ಬಿಡಬೇಕು. ಚಹರೆಗೆ ಮುನಿದವರ ನಡುವೆ ಒಂದು ನ್ಯಾಯವಾದ ದೂರೂ ಇತ್ತು. ಕೊನೆಯ ಘಟ್ಟದಲ್ಲಿ ದೈವಿಕ ವಸ್ತುವಾದ ಟ್ರೈಫೋರ್ಸ್‌ನ ಎಂಟು ಚೂರುಗಳನ್ನು ಕಡಲ ತಳದಿಂದ ಎತ್ತಬೇಕು. ಒಂದೊಂದಕ್ಕೂ ಮೊದಲು ಒಂದು ನಕ್ಷೆ ಹುಡುಕಬೇಕು. ಅದನ್ನು ಓದಿ ಹೇಳಲು ಟಿಂಗಲ್ ಎಂಬ ಆಸಾಮಿ ನಕ್ಷೆಗೆ ಆಟದ ನಾಣ್ಯದಲ್ಲಿ 398 ರೂಪಿ ಕೀಳುತ್ತಾನೆ. ಎಂಟಕ್ಕೆ 3,184 ರೂಪಿ! ಕಥೆ ಕಾವೇರಿದ ಹೊತ್ತಿಗೆ ಆಟಗಾರ ಕಾಸು ಕೂಡಿಡುತ್ತ ಕೂರಬೇಕು. ಯೋಜಿಸಿದ್ದ ಕೆಲವು ಡಂಜನ್‌ಗಳನ್ನು ಸಮಯ ಸಾಲದೆ ಕೈಬಿಟ್ಟಿದ್ದನ್ನು ಅಯೊನುಮಾ ಮುಂದೆ ಒಪ್ಪಿಕೊಂಡರು.

ಅಮೆರಿಕದಲ್ಲಿ ಮಾರಾಟ ಮಂಕಾಯಿತು. ಚಹರೆಯ ತಕರಾರಿಗೇ ಮಣಿದ ನಿಂಟೆಂಡೊ 2006ರಲ್ಲಿ ಎತ್ತರದ, ಗಂಭೀರ ಲಿಂಕ್‌ನ ‘ಟ್ವೈಲೈಟ್ ಪ್ರಿನ್ಸೆಸ್’ ಕೊಟ್ಟಿತು. ಅದು ಚೆನ್ನಾಗಿಯೇ ಮಾರಾಟವಾಯಿತು.

ಆದರೆ 2013ರಲ್ಲಿ ‘ವಿಂಡ್ ವೇಕರ್’ ಎಚ್‌ಡಿ ರೂಪದಲ್ಲಿ ಮರಳಿದಾಗ ಏನು ಬದಲಾಗಿತ್ತು ನೋಡಿ. ಬೆಳಕು ತಿದ್ದಿದ್ದರು, ಬೆಕ್ಕುಕಣ್ಣಿನ ಹುಡುಗ ಹಾಗೇ ಇದ್ದ. ದೋಣಿಗೆ ವೇಗದ ಹಾಯಿ ಬಂದಿತ್ತು, ಎಂಟು ನಕ್ಷೆಗಳು ಮೂರಕ್ಕೆ ಇಳಿದಿದ್ದವು. ಎರಡು ವರ್ಷದ ನಂತರ ‘ಮೇಜೋರಾಸ್ ಮಾಸ್ಕ್’ನ 3ಡಿ ರೂಪದಲ್ಲೂ ಅದೇ ಕಥೆ. ಆಟ ಉಳಿಸಿಡುವುದು ಸಲೀಸಾಯಿತು, ಬೇಕಾದ ಗಂಟೆಗೆ ಜಿಗಿಯುವ ದಾರಿ ಸಿಕ್ಕಿತು. ಮೂರು ದಿನದ ಗಡುವನ್ನು ಯಾರೂ ಮುಟ್ಟಲಿಲ್ಲ. ಯಾವ ತಕರಾರಿನಲ್ಲಿ ತಿರುಳಿತ್ತು ಎಂಬುದಕ್ಕೆ ಈ ಮರುಮುದ್ರಣಗಳೇ ಸಾಕ್ಷಿ.

ಈ ಗೆರೆ ಎಲ್ಲೆಡೆ ಇಷ್ಟು ಸ್ಪಷ್ಟವಲ್ಲ. 2011ರ ‘ಸ್ಕೈವರ್ಡ್ ಸ್ವೋರ್ಡ್’ನಲ್ಲಿ ಕೈ ಬೀಸಿದ ದಿಕ್ಕಿಗೇ ಕತ್ತಿ ಬೀಸುತ್ತಿತ್ತು. ಒಬ್ಬರಿಗೆ ಅದೇ ಆಟದ ಜೀವಾಳ, ಇನ್ನೊಬ್ಬರಿಗೆ ಮಣಿಕಟ್ಟಿನ ನೋವು. 2021ರ ಎಚ್‌ಡಿ ಆವೃತ್ತಿ ಬೀಸುವುದನ್ನೂ ಉಳಿಸಿ, ಬಟನ್ನನ್ನೂ ಕೊಟ್ಟು ಇಬ್ಬರನ್ನೂ ಸಮಾಧಾನಪಡಿಸಿತು.

2017ರ ‘ಬ್ರೆತ್ ಆಫ್ ದಿ ವೈಲ್ಡ್’ ಅಚ್ಚನ್ನೇ ಒಡೆಯಿತು. ಸಲಕರಣೆಗಳ ಸರದಿ ಇಲ್ಲ, ಹಳೆಯ ಬಗೆಯ ಡಂಜನ್ ಇಲ್ಲ. ಬಯಸಿದರೆ ಶುರುವಿನ ಪ್ರಸ್ಥಭೂಮಿಯಿಂದ ಇಳಿದವರೇ ನೇರ ಕೊನೆಯ ಕೋಟೆಗೆ ನಡೆಯಬಹುದು. ಕೈಯಲ್ಲಿನ ಕತ್ತಿ ಹೊಡೆದಾಟದ ನಡುವೆಯೇ ಚೂರಾಗುತ್ತದೆ. ಒಂದರ್ಥದಲ್ಲಿ ಇದು 1986ರ ಅಲೆದಾಟಕ್ಕೇ ಮರಳಿದ್ದು. ಸ್ವಿಚ್ ಯಂತ್ರವೊಂದರಲ್ಲೇ ಮೂರು ಕೋಟಿಗೂ ಹೆಚ್ಚು ಪ್ರತಿ ಖರ್ಚಾದ ಮೇಲೆ ಜಗಳ ತಿರುವುಮುರುವಾಯಿತು. ‘ಒಕರಿನಾ’ ಆಡಿ ಬೆಳೆದವರು ‘ನಮ್ಮ ಜೆಲ್ಡಾ ಎಲ್ಲಿ?’ ಎಂದು ಹುಡುಕುತ್ತಾರೆ. 2017ರಲ್ಲಿ ಒಳಬಂದವರಿಗೆ ಜೆಲ್ಡಾ ಅಂದರೆ ಇದೇ, ಬೀಗ–ಕೀಲಿಯ ಹಳೆಯ ಆಟಗಳೇ ವಿಚಿತ್ರ. ಯಾವ ಬಾಗಿಲಿನಿಂದ ಒಳಬಂದರೋ ಅದೇ ಅವರವರಿಗೆ ತಲೆಬಾಗಿಲು. 2023ರ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ನಲ್ಲೂ ಕತ್ತಿ ಮುರಿಯುವುದು ನಿಲ್ಲಲಿಲ್ಲ. ಆದರೆ ಸಿಕ್ಕಿದ್ದನ್ನು ಅಂಟಿಸಿ ಹೊಸ ಆಯುಧ ಮಾಡಿಕೊಳ್ಳುವ ಉಪಾಯ ಬಂತು. ಕಸುಬಿನ ದೂರಿಗೆ ಮತ್ತೆ ಕಿವಿಗೊಟ್ಟಿದ್ದರು.

2024ರ ‘ಎಕೋಸ್ ಆಫ್ ವಿಸ್ಡಮ್’ಗೆ ಬಂದಾಗ ಸರಣಿಗೆ ಮೊದಲ ಬಾರಿ ಮಹಿಳಾ ನಿರ್ದೇಶಕಿ, ತೊಮೊಮಿ ಸಾನೊ. ಶೀರ್ಷಿಕೆಯಲ್ಲಿ ಹೆಸರಿದ್ದೂ ಹಿಂದೆ ನಿಂತಿದ್ದ ರಾಜಕುಮಾರಿ ಜೆಲ್ಡಾಳೇ ಈ ಸಲ ನಾಯಕಿ. ಕತ್ತಿಗಿಂತ ಹೆಚ್ಚಾಗಿ ಆಕೆ ನೆಚ್ಚುವುದು ಕಂಡ ವಸ್ತು, ಪ್ರಾಣಿಗಳ ಪ್ರತಿರೂಪ ಸೃಷ್ಟಿಸುವ ಕೋಲನ್ನು. ಪ್ರತಿರೂಪಗಳು ನೂರು ದಾಟುತ್ತವೆ. ಬೇಕಾದದ್ದು ಉದ್ದನೆಯ ಸಾಲಿನ ಯಾವುದೋ ಮೂಲೆಯಲ್ಲಿರುತ್ತದೆ, ಹುಡುಕುತ್ತ ಬೆರಳು ಸೋಲುತ್ತದೆ. ಈ ಆಟ ಮುಂದೊಂದು ದಿನ ಹೊಸ ರೂಪದಲ್ಲಿ ಬಂದರೆ ಆ ಸಾಲು ಮೋಟಾಗಿರುತ್ತದೆ. ಜೆಲ್ಡಾ ಮಾತ್ರ ಕೋಲು ಹಿಡಿದು ಅಲ್ಲೇ ನಿಂತಿರುತ್ತಾಳೆ.